ಕಾಕನಿಗೆ ಸಿಕ್ಕಿದ ‘ಮೊಸ್ಯೂ’

ಕುವೈತಿನ ಫಹಾಹೀಲ್‌ನ ನಮ್ಮ ಆಫೀಸಿನಲ್ಲಿ ಹತ್ತು ದೇಶದವರು ಒಂದೇ ಪ್ಯಾಂಟ್ರಿಯ ಚಹಾ ಕುಡಿಯುತ್ತೇವೆ. ಯಾರನ್ನು ಏನೆಂದು ಕರೆಯಬೇಕೆಂಬ ವಿಷಯದಲ್ಲಿ ತಿಂಗಳಿಗೊಂದು ಎಡವಟ್ಟು ಆಗಿಯೇ ಆಗುತ್ತದೆ. ಈ ಸಲದ್ದನ್ನು ಮಾತ್ರ ನಕ್ಕು ಮರೆಯಲು ನನ್ನಿಂದ ಆಗಿಲ್ಲ.

೧. ಮರ್ಯಾದೆಯ ಹೆದರಿಕೆ

ಚಹಾ ಕೊಡುವ ಕಾಕ ಬಂಟ್ವಾಳ ಕಡೆಯ ಬ್ಯಾರಿ. ವಯಸ್ಸು ಅರವತ್ತರ ಹತ್ತಿರ, ಆದರೂ ಎಲ್ಲರ ಬಾಯಲ್ಲಿ ಇನ್ನೂ ‘ಟೀ ಬಾಯ್’. ಹೊಸದಾಗಿ ಬಂದ ಫ್ರೆಂಚ್ ಮ್ಯಾನೇಜರ್ ಮೊದಲ ದಿನವೇ ಎದ್ದು ನಿಂತು ಲೋಟ ತೆಗೆದುಕೊಂಡು, “ಮೆರ್ಸಿ, ಮೊಸ್ಯೂ” ಎಂದರು, ಅಂದರೆ ‘ಥ್ಯಾಂಕ್ಯೂ, ಸರ್’. ಕಾಕ ಮುಖ ಬಿಳಿಚಿಕೊಂಡು ನನ್ನ ಹತ್ತಿರ ಬಂದರು.

“ನನ್ನ ಇಕಾಮಾ ಮುಂದಿನ ತಿಂಗಳು ಮುಗೀತದೆ ಮಾರಾಯ್ರೆ, ಆ ಪರ್ಮಿಟ್ ಇಲ್ಲದೆ ಈ ದೇಶದಲ್ಲಿ ನಿಲ್ಲಲಿಕ್ಕಿಲ್ಲ. ಹಿಂದಿನ ಮ್ಯಾನೇಜರು ಒಂದು ದಿನ ಡ್ರೈವರನ ಕೈ ಕುಲುಕಿ ಮಾತಾಡಿದ್ರು. ಸಂಜೆಗೆ ಅವನ ಕೆಲಸ ಖಲಾಸ್, ಊರಿಗೆ ಟಿಕೇಟು! ದೊಡ್ಡವರು ಮರ್ಯಾದೆ ಕೊಟ್ರೆ ನನಗೆ ಹೆದರಿಕೆ ಆಗ್ತದೆ.”

ಅಂದಿನಿಂದ ಮ್ಯಾನೇಜರ್ ಕೋಣೆಗೆ ಚಹಾ ಒಯ್ಯುವ ಕೆಲಸ ನನಗೆ ಬಿತ್ತು. ಅಂದಹಾಗೆ, ನಾನು ಸೀನಿಯರ್ ಎಂಜಿನಿಯರ್.

೨. ರಾಜನ ತಮ್ಮ

ವಾರವಾದ ಮೇಲೆ ಮ್ಯಾನೇಜರೇ ಕೇಳಿದರು, “ಆ ಹಿರಿಯರಿಗೆ ನನ್ನ ಮೇಲೆ ಸಿಟ್ಟೇ?”

ಇದ್ದದ್ದನ್ನು ಹೇಳಿದೆ. ಅವರು ಆ ಮಾತಿನ ಮೂಲ ಬಿಡಿಸಿ ಹೇಳಿದರು. ಮೊಸ್ಯೂ ಎಂದರೆ ಮೂಲದಲ್ಲಿ ‘ನನ್ನ ಒಡೆಯ’. ಒಂದು ಕಾಲದಲ್ಲಿ ದೊಡ್ಡ ಮನೆತನದವರಿಗಷ್ಟೇ ಸಲ್ಲುತ್ತಿದ್ದ ಮಾತು. ಅರಮನೆಯಲ್ಲಿ ಹೆಸರಿಲ್ಲದೆ ಬರೀ ‘ಮೊಸ್ಯೂ’ ಎಂದರೆ ಅದು ರಾಜನ ತಮ್ಮ. ಬರಬರುತ್ತಾ ಎಲ್ಲರಿಗೂ ಬಂತು, ನಮ್ಮಲ್ಲಿ ದೇವರಿಗಿದ್ದ ‘ಸ್ವಾಮಿ’ ಬಸ್ ಕಂಡಕ್ಟರಿಗೂ ಬಂದ ಹಾಗೆ.

ಕಾಕನಿಗೆ ಇದನ್ನೆಲ್ಲ ಒಪ್ಪಿಸಿದೆ. ಲೋಟ ತೊಳೆಯುತ್ತಲೇ ಪೂರ್ತಿ ಕೇಳಿಸಿಕೊಂಡರು.

“ಒಡೆಯ ನಾನಾದ್ರೆ, ನನ್ನ ಇಕಾಮಾಕ್ಕೆ ಸೈನ್ ಹಾಕುವುದು ಯಾರು?”

೩. ಮುಂದಿನ ಮೊಸ್ಯೂ

ಸೈನ್ ಹಾಕಿದ್ದು ಅದೇ ಮ್ಯಾನೇಜರ್. ಇಕಾಮಾ ಎರಡು ವರ್ಷಕ್ಕೆ ರಿನ್ಯೂ ಆದ ದಿನ ಕಾಕ ತಾವೇ ಚಹಾ ಒಯ್ದರು. ಹೊರಗೆ ಬಂದಾಗ ಅವರ ಕಣ್ಣು ತುಂಬಿತ್ತು.

“ಅದು ಸುಮ್ಮನೆ ಮರ್ಯಾದೆಯೇ ಆಗಿತ್ತು ಮಾರಾಯ್ರೆ. ನಾನು ಒಂದು ತಿಂಗಳು ಅದಕ್ಕೆ ಹೆದರಿ ಓಡಿದೆ.”

ಇಷ್ಟು ವರ್ಷ ಅವರನ್ನು ‘ಟೀ ಬಾಯ್’ ಎಂದವರಲ್ಲಿ ನಾನೂ ಒಬ್ಬ.

ಮರುದಿನ ಬೆಳಿಗ್ಗೆ ಕಾಕ ಹೊಸ ಕೆಲಸ ಶುರುಮಾಡಿದರು. ನೆಲ ಒರೆಸುವ ಬಾಂಗ್ಲಾದೇಶದವರೊಬ್ಬರಿದ್ದಾರೆ, ನಲವತ್ತು ದಾಟಿದವರು. ಅವರನ್ನು ಯಾರೂ ಏನೆಂದೂ ಕರೆಯುವುದಿಲ್ಲ, ಬೆರಳು ತೋರಿಸುತ್ತಾರೆ ಅಷ್ಟೆ. ಕಾಕ ಅವರ ಮುಂದೆ ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಲೋಟ ಹಿಡಿದು, “ಮೊಸ್ಯೂ, ಚಾಯ್” ಎಂದರು.

ಎರಡೇ ನಿಮಿಷ. ಒದ್ದೆ ಮಾಪ್ ಹಿಡಿದುಕೊಂಡೇ ಆ ಮನುಷ್ಯ ನನ್ನ ಟೇಬಲಿಗೆ ಓಡಿ ಬಂದರು. ಇನ್ನೊಂದು ಕೈಯ ಲೋಟದಲ್ಲಿ ಚಹಾ ಹಾಗೇ ಇತ್ತು.

“ಭಾಯಿಸಾಬ್, ಮೇರಾ ಇಕಾಮಾ ಕ್ಯಾನ್ಸಲ್ ಹೋ ಗಯಾ ಕ್ಯಾ?”