ಕಾಲು ಕಾರಿಗೆ ಎಷ್ಟು ಗಾಳಿ?

ನನ್ನ ಮಗಳಿಗೆ ಐದು ತಿಂಗಳು ತುಂಬುತ್ತಾ ಬಂದರೂ ಹೆಸರಿಡಲಾಗಿರಲಿಲ್ಲ. ಒಳ್ಳೆಯ ದಿನ ಸಿಗಲಿಲ್ಲವೇ? ಹೆಸರಿನ ಬಗ್ಗೆ ಮನೆಯಲ್ಲಿ ಜಗಳವೇ? ಅಂಥದ್ದೇನೂ ಇಲ್ಲ. ತಮ್ಮ ಬೈಕಿನ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ ಹಾಕಬೇಕೆಂಬುದು ನಮ್ಮ ಭಾವನವರಿಗೆ ಇನ್ನೂ ಇತ್ಯರ್ಥವಾಗಿರಲಿಲ್ಲ, ಅಷ್ಟೆ!

ನಗಬೇಡಿ, ಸಂಬಂಧವಿದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆ ಸೋದರತ್ತೆ, ಅಂದರೆ ನಮ್ಮಕ್ಕ, ಇರುವುದು ಗುಬ್ಬಿಯಲ್ಲಿ, ನಾವು ಕುಣಿಗಲ್‌ನಲ್ಲಿ. ಹೋದ ವರ್ಷ ಸೊಂಟದ ಆಪರೇಷನ್ ಆದಮೇಲೆ ಅಕ್ಕ ತೌರಿನ ಹೊಸಿಲು ತುಳಿದಿರಲಿಲ್ಲ. ಓಡಾಡಬಹುದು, ಆದರೆ ಕುಲುಕಾಟ ಕೂಡದು ಎಂದಿದ್ದರು ಡಾಕ್ಟರು. ಕಾರು ಮಾಡಿಕೊಂಡು ಬರಬಹುದಲ್ಲ ಅನ್ನುತ್ತೀರಾ? ಕಾರಿನ ಬಾಗಿಲು ಹಾಕಿದ ಸದ್ದು ಕೇಳಿದರೆ ಸಾಕು, ಅಕ್ಕನಿಗೆ ವಾಂತಿ. ಬಸ್ಸೂ ಅಷ್ಟೇ. ಅವಳಿಗೆ ಒಗ್ಗುವುದು ಬೈಕೊಂದೇ. ಮಗುವನ್ನು ನಾವೇ ಗುಬ್ಬಿಗೆ ಕರೆತರುತ್ತೇವೆ ಎಂದರೆ ಒಪ್ಪಲಿಲ್ಲ. ಹೆಸರಿಡುವುದಾದರೆ ತೌರಿನ ತೊಟ್ಟಿಲಲ್ಲೇ ಎಂದು ಪಟ್ಟು ಹಿಡಿದಳು.

ಭಾವ ತುಮಕೂರಿನ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕರು. ಪ್ರಯೋಗ ಮಾಡದೆ ಉಪ್ಪಿಟ್ಟಿಗೆ ಉಪ್ಪನ್ನೂ ಹಾಕದ ಜೀವ. ಅಗಲವಾದ ಕಾರಿನ ಟೈರಿಗೆ ಕಡಿಮೆ ಗಾಳಿ ಹಾಕಿದರೆ ಹಾಸಿಗೆಯಷ್ಟು ಮೆತ್ತಗಿರುತ್ತದೆ ಎಂಬುದು ಅವರಿಗೆ ಹೊಳೆಯಿತು. ಅವರ ಬೈಕು ಕಾಲು ಚಾಚಿ ಕೂರುವ ಉದ್ದನೆಯ ಜಾತಿಯದು. ಅದರ ಹಿಂದಿನ ಚಕ್ರದ ಅಳತೆಗೆ ಹೊಂದುವ ಕಾರಿನ ಟೈರು ಎಲ್ಲೋ ಸಿಕ್ಕಿಯೂ ಬಿಟ್ಟಿತು. ಟೈರ್ ಅಂಗಡಿಯವನು ಗ್ಯಾರಂಟಿ ಇಲ್ಲ ಸಾರ್ ಎಂದು ಕೈಮುಗಿದರೂ ಬಿಡದೆ ಹಾಕಿಸಿದರು.

“ನಾಲ್ಕು ಚಕ್ರದಲ್ಲಿ ಒಂದು ಬಂತು. ಇನ್ಮೇಲೆ ಇದು ಕಾಲು ಕಾರು ಕಣಯ್ಯಾ” ಎಂದರು ನನಗೆ.

ಕಾಲು ಕಾರಿಗೆ ಒಂದು ಹಟವಿತ್ತು. ಬೈಕು ತಿರುಗಬೇಕಾದರೆ ವಾಲಬೇಕು. ಕಾರಿನ ಟೈರು ತಳದಲ್ಲಿ ಚಪ್ಪಟೆ, ವಾಲು ಎಂದರೆ ವಾಲುವುದಿಲ್ಲ. ಮೊದಲ ದಿನ ಭಾವ ಮನೆಯ ಕಡೆ ತಿರುಗಿಸಿದರೆ ಬೈಕು ನೆಟ್ಟಗೆ ಹೋಗಿ ಕ್ಷೌರದಂಗಡಿಯ ಮುಂದೆ ನಿಂತಿತು. ಭಾವ ಗಾಬರಿಯಾದರೇ? ಹೆಂಗೂ ಬಂದಾಗಿದೆ ಎಂದು ಒಳಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದರು.

ಬಗ್ಗಿಸಿ ತಿರುಗಿಸುವುದನ್ನು ಕೆಲವೇ ದಿನದಲ್ಲಿ ಕಲಿತರು. ಆಮೇಲೆ ಗಾಳಿಯ ಪ್ರಶ್ನೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವವನು ಕಾರಿನ ಲೆಕ್ಕವೋ ಬೈಕಿನ ಲೆಕ್ಕವೋ ಎಂದು ಕೇಳಿದ. ಮುಂದೆ ಬೈಕು, ಹಿಂದೆ ಕಾರು ಎಂದರು ಭಾವ. ಅವನು ಪೈಪನ್ನು ಅವರ ಕೈಗೇ ಕೊಟ್ಟು ಟೀ ಕುಡಿಯಲು ಹೋದ.

“ಟೈರಿಗೇನ್ ಗೊತ್ತು ಕಾರಲ್ಲಿದೀನೋ ಬೈಕಲ್ಲಿದೀನೋ ಅಂತ? ಅದಕ್ಕೆ ಗೊತ್ತಾಗೋದು ಮೇಲಿರೋ ಭಾರ ಒಂದೇ” ಎಂಬುದು ಭಾವನ ಸಿದ್ಧಾಂತ. ಮೂವತ್ತಾರು ಪಾಯಿಂಟ್ ಗಾಳಿ ಹಾಕಿದರೆ ಗುಬ್ಬಿಯ ಒಂದೊಂದು ಕಲ್ಲೂ ಬೆನ್ನಿಗೆ ಬಂದು ವರದಿ ಒಪ್ಪಿಸುತ್ತಿತ್ತು. ಹದಿನೆಂಟಕ್ಕೆ ಇಳಿಸಿದರೆ ಬೈಕು ಕೆರೆಗಿಳಿದ ಎಮ್ಮೆಯ ಹಾಗೆ ತೊನೆಯುತ್ತಿತ್ತು. ನಡುವೆ ಎಲ್ಲಿ? ಭಾರ ತಿಳಿಯದೆ ಹೇಳುವಂತಿಲ್ಲ, ಅಕ್ಕ ತನ್ನ ತೂಕ ಬಾಯಿಬಿಡುವುದಿಲ್ಲ. ಭಾವ ಅಂದಾಜಿನ ಮೇಲೆ ರಾಗಿಯ ಮೂಟೆಯೊಂದನ್ನು ಹಿಂದಿನ ಸೀಟಿಗೆ ಬಿಗಿದು, ಹಿಂದೆ ಕೂತವರಿಗೂ ಕಡ್ಡಾಯವಲ್ಲವೇ ಎಂದು ಅದಕ್ಕೊಂದು ಹೆಲ್ಮೆಟ್ ಹಾಕಿ, ಕಡಬದ ಕೆರೆ ಏರಿಯವರೆಗೂ ಓಡಿಸಿ ಬಂದರು. ಮೂಟೆ ಎಷ್ಟು ಕೆಜಿಯದೆಂದು ಅಕ್ಕನಿಗೆ ತಿಳಿದ ದಿನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ!

ಅದೂ ಅಲ್ಲದೆ, ಎಲ್ಲಿ ನೋಯಿತು ಎಂದು ಮೂಟೆ ಹೇಳುತ್ತದೆಯೇ? ಕೊನೆಗೆ ಅಕ್ಕನನ್ನೇ ಕೂರಿಸಿಕೊಂಡು ಊರಾಚೆ ಸಣ್ಣ ಸಣ್ಣ ಸುತ್ತು ಹೊಡೆದರು. ಎಷ್ಟು ಗಾಳಿ ಹಾಕಿದರೂ ಅಕ್ಕನ ಉತ್ತರ ಒಂದೇ: ಚೆನ್ನಾಗೈತೆ, ನಡೀರಿ. ತೌರಿಗೆ ಹೋಗುವ ಆಸೆಯಿದ್ದವಳು ಇನ್ನೇನು ಹೇಳಿಯಾಳು? ಭಾವ ನಂಬಲಿಲ್ಲ. ತಿಂಗಳು ಉರುಳಿತು, ಪಾಪು ಪಾಪುವಾಗಿಯೇ ಉಳಿಯಿತು.

ಒಂದು ಬೆಳಿಗ್ಗೆ ಭಾವನ ಫೋನು ಬಂತು.

“ತೊಟ್ಟಿಲು ಕಟ್ಟುಸ್ಲಾ. ಮೀಟರ್ ಸಿಕ್ತು.”

ಯಾವ ಮೀಟರ್ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ನಾಮಕರಣದ ಹಿಂದಿನ ದಿನ ನಾನು ಸ್ಕೂಟರಿನಲ್ಲಿ ಗುಬ್ಬಿಗೆ ಹೋಗಿ, ಏನಾದರೂ ಆದರೆ ಇರಲಿ ಎಂದು ಅವರ ಹಿಂದೆಯೇ ಹೊರಟೆ. ಅಕ್ಕ ಹೊರಟಲ್ಲಿಂದಲೇ ಭಾವನ ಮೇಲೆ ಮಾತಿನ ಮಳೆ ಸುರಿಸುತ್ತಿದ್ದಳು. ಗ್ಯಾಸ್ ಆರಿಸಿದಿರಾ, ಹಂಪ್ ಕಾಣಿಸುವುದಿಲ್ಲವಾ, ಈ ಶರ್ಟು ಯಾಕೆ ಹಾಕಿಕೊಂಡಿರಿ. ಪಾಪ ಭಾವ ಎಂದುಕೊಂಡೆ. ತುಮಕೂರು ಸೇರುತ್ತಲೇ ಅವರು ಒಂದು ಪಂಕ್ಚರ್ ಅಂಗಡಿಯ ನೆರಳಲ್ಲಿ ನಿಲ್ಲಿಸಿ, ಅಕ್ಕ ಎಳನೀರು ಕುಡಿಯಲು ಆಚೆ ಹೋದಾಗ, ಹಿಂದಿನ ಚಕ್ರದಿಂದ ಸ್ವಲ್ಪ ಗಾಳಿ ಬಿಟ್ಟರು.

“ಮೀಟರ್ ನೋಡ್ದೆ ಬಿಡ್ತಿದೀರಲ್ಲ ಭಾವ?”

ಭಾವ ಅಕ್ಕನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಮೀಟರ್ ಅಲ್ಲಿ ಎಳ್ನೀರು ಕುಡೀತೈತೆ ನೋಡು. ನೋವಾದ್ರೆ ನಿಮ್ಮಕ್ಕ ಹೇಳಲ್ಲ ಕಣೋ, ಸುಮ್ಮನಾಗ್ಬುಡ್ತಾಳೆ. ಮಲ್ಲಸಂದ್ರದವರೆಗೂ ಚೆನ್ನಾಗಿ ಬೈತಿದ್ಲು. ಅಲ್ಲಿಂದೀಚೆಗೆ ಒಂದ್ ಮಾತಿಲ್ಲ. ಟೈರು ಕಾದು ಗಾಳಿ ಜಾಸ್ತಿ ಆಗೈತೆ.”

ಇಷ್ಟು ವರ್ಷ ಆ ಬೈಗುಳಕ್ಕೆಲ್ಲ ಕಿವುಡರಂತೆ ಕೂತಿರುತ್ತಾರೆಂದು ನಾವು ನಗುತ್ತಿದ್ದ ಮನುಷ್ಯ ಒಂದೊಂದನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮತ್ತೆ ಹೊರಟೆವು. ಕುಣಿಗಲ್ ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗುವವರೆಗೂ ಅಕ್ಕ ಸುಮ್ಮನಿದ್ದಳು. ನಾನು ಸ್ಕೂಟರಿನ ಮೇಲೆ ಅವಳ ಬೆನ್ನನ್ನೇ ನೋಡುತ್ತಾ ಬರುತ್ತಿದ್ದೆ. ಹೆಬ್ಬೂರು ಹತ್ತಿರವಾದಾಗ ಅಕ್ಕನ ಬಲಗೈ ಮೇಲೆದ್ದು ಆಡತೊಡಗಿತು. ಬೈಗುಳ ಶುರುವಾಯಿತು! ಮನೆ ಮುಟ್ಟುವವರೆಗೂ ಆ ಕೈ ಕೆಳಗಿಳಿಯಲಿಲ್ಲ.

ಸೊಂಟ ನೋವಾಯಿತೇನೇ ಎಂದು ಅಮ್ಮ ಬಾಗಿಲಲ್ಲೇ ಕೇಳಿದರು.

“ಸೊಂಟಕ್ಕೇನೂ ಆಗಿಲ್ಲ ಕಣಮ್ಮ. ಇವ್ರಿಗೆ ಬೈದೂ ಬೈದೂ ಗಂಟ್ಲು ಕಟ್ಕೊಂಡೈತೆ.”

ಮಾರನೆಯ ದಿನವೂ ಅಕ್ಕನ ದನಿ ಬಿಟ್ಟಿರಲಿಲ್ಲ. ತೊಟ್ಟಿಲಿಗೆ ಬಗ್ಗಿ ಅವಳು ಹೇಳಿದ ಹೆಸರು ಪಾಪುವಿಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಲಿಲ್ಲ. ಹಿಂದೆ ನಿಂತಿದ್ದ ಭಾವ ಮಾತ್ರ, ಎಲ್ಲವೂ ಕೇಳಿಸಿದವರ ಹಾಗೆ, ಕಣ್ಣು ಒರೆಸಿಕೊಳ್ಳುತ್ತಿದ್ದರು.