ಜಾಗ ಇಲ್ಲದ ಹೋಟೆಲು

ಬಾಣಸಿಗನಿಗೆ ಗಿರಾಕಿಗಳಿರಲಿಲ್ಲ. ಉಳಿದದ್ದೆಲ್ಲ ಇತ್ತು: ಆರು ಮೇಜು, ಬಾಗಿಲಿಗೆ ತಗಲುವಷ್ಟು ಎತ್ತರದ ಬಿಳಿ ಟೊಪ್ಪಿಗೆ, ಮೊರದಷ್ಟು ಅಗಲದ ತಟ್ಟೆಗಳು, ಗಲ್ಲಾದಲ್ಲಿ ಕೂತು ಆಕಳಿಸುವ ಹೆಂಡತಿ.

ಊರ ಹೊರಗೆ ದೊಡ್ಡ ಮಾಲು ಬಂದ ಮೇಲೆ ಹಳೇ ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಈಗ ನಾಯಿಗಳು ರಸ್ತೆಯ ನಡುವೆಯೇ ಕಾಲು ಚಾಚಿ ಮಲಗುತ್ತಿದ್ದವು. ಅಲ್ಲಿ ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿಯಲ್ಲಿ ಅವನು ಹೋಟೆಲು ತೆರೆದಿದ್ದ. ಗೋಡೆಯ ಬುಡದಲ್ಲಿ, ಮೊಣಕಾಲೆತ್ತರಕ್ಕೆ, ಹಳೆಯ ಅಂಗಡಿಯ ಕನ್ನಡಿಗಳು ಹಾಗೇ ಉಳಿದಿದ್ದವು.

ಅದಕ್ಕೂ ಮೊದಲು ಅವನು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಉಪ್ಪಿಲ್ಲದ ಪಥ್ಯದ ಊಟ ಬೇಯಿಸಿದ್ದ. ಆವತ್ತು ಬೆಳಗ್ಗೆಯೇ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ನೋಡ್ರೀ, ಊಟದ ಬಗ್ಗೆ ಬರೆಯೋ ಪೇಪರ್‌ನವ್ರು ಇವತ್ತು ಬರ್ತಾರೆ ಅಂದ್ರಲ್ಲ. ಹೊಗಳಿದ್ರೆ ಸರಿ. ಇಲ್ಲಾಂದ್ರೆ ಸೋಮವಾರ ವಾಪಸ್ ಆಸ್ಪತ್ರೆಗೆ. ನಿಮ್ಮ ಕೆಲಸ ಇನ್ನೂ ಯಾರಿಗೂ ಕೊಟ್ಟಿಲ್ವಂತೆ, ವಿಚಾರಿಸಿದೀನಿ."

ಖಾಲಿ ಹೋಟೆಲನ್ನು ಯಾರು ಹೊಗಳುತ್ತಾರೆ? ಬಾಣಸಿಗ ಬೀದಿಗಿಳಿದು ದರ್ಜಿಯನ್ನೂ ಅವನ ಅತ್ತೆಯನ್ನೂ ಗಡಿಯಾರ ರಿಪೇರಿಯವನನ್ನೂ ಪುಕ್ಕಟೆ ಊಟಕ್ಕೆ ಕರೆದ. ಪುಕ್ಕಟೆ ಎಂಬುದು ಬೀದಿಯ ತುದಿ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಮಧ್ಯಾಹ್ನಕ್ಕೆ ಆರೂ ಮೇಜು ಭರ್ತಿ.

ಬಾಗಿಲಿಗೆ ಅಡ್ಡವಾಗಿ ಮೊಟ್ಟೆ ಬನ್ನಿನ ಗಾಡಿ ನಿಂತಿತ್ತು. ಅದರ ಒಡತಿಯನ್ನು ಎಲ್ಲರೂ ಬನ್ನಕ್ಕ ಎನ್ನುತ್ತಿದ್ದರು.

"ಬನ್ನಕ್ಕ, ಗಾಡಿ ಆ ಕಡೆ ತಳ್ಳು. ದೊಡ್ಡೋರು ಬರ್ತಾರೆ."

"ದೊಡ್ಡೋರಿಗೆ ಹಸಿವಾಗಲ್ವೇನೋ ತಮ್ಮಾ?" ಎನ್ನುತ್ತ ಅವಳು ಗಾಡಿಯನ್ನು ಪಕ್ಕದ ಓಣಿಗೆ ತಳ್ಳಿದಳು. ಹೋಟೆಲಿನ ಹಿಂಬಾಗಿಲು ತೆರೆಯುತ್ತಿದ್ದದ್ದೂ ಅಲ್ಲಿಗೇ.

ಬಾಣಸಿಗ ಹೆಂಡತಿಗೆ ಹೇಳಿಕೊಟ್ಟ: "ಯಾರೇ ಬಂದ್ರೂ ಮೊದ್ಲು ಜಾಗ ಇಲ್ಲ ಅನ್ನು. ಕಾಯಿಸಿದಷ್ಟೂ ಬೆಲೆ ಜಾಸ್ತಿ."

"ಬಂದೋರು ಪೇಪರ್‌ನೋರೇ ಆಗಿದ್ರೆ?"

"ಅವ್ರು ದಪ್ಪಗಿರ್ತಾರೆ, ನೋಡಿದ ಕೂಡ್ಲೇ ಒಳಗೆ ಬಿಡು. ಊಟದ ಬಗ್ಗೆ ಬರೆಯೋರು ಸಣ್ಣಗಿರೋಕೆ ಸಾಧ್ಯಾನಾ?"

ಮೊದಲ ತಟ್ಟೆಗಳು ಬಂದವು. ನಡುವೆ ಉಗುರಿನಷ್ಟು ಕುಂಬಳಕಾಯಿ, ಮೇಲೆ ಒಂದು ಎಲೆ, ಸುತ್ತ ಮೂರು ಹನಿ ಹಸಿರು ರಸ. ಗಡಿಯಾರದವನು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಹುಡುಕಿದ. "ಇದೆ, ಇದೆ, ಸಿಕ್ತು!" ಎಂದು ಕೂಗಿದ. ಪಕ್ಕದ ಮೇಜಿನವರು ಭೂತಗನ್ನಡಿಯನ್ನು ಕಡ ಕೇಳಿದರು. ದರ್ಜಿ ಕೊರಳಿನ ಟೇಪು ಬಿಚ್ಚಿ ಅಳೆದ. "ತಟ್ಟೆ ಒಂದೂವರೆ ಅಡಿ, ಊಟ ಅರ್ಧ ಇಂಚು. ಇದ್ರಲ್ಲಿ ಒಂದು ಗುಂಡಿಗೆ ಕಾಜಾನೂ ಹೊಲಿಯೋಕಾಗಲ್ಲ."

ದರ್ಜಿಯ ಅತ್ತೆ ಮೇಜಿನ ಮೇಲಿನ ಹೂದಾನಿಯ ಹೂವನ್ನು ತಿಂದು ಮುಗಿಸಿ, "ಇದು ಪರವಾಗಿಲ್ಲ, ಇನ್ನೊಂದು ತಾ" ಎಂದಳು.

"ಅಮ್ಮಾ, ಇದು ಕಲೆ. ಒಂದೇ ಸಲ ಬಡಿಸೋದು."

"ಕಲೆ ಆದ್ರೆ ಗೋಡೆಗೆ ನೇತುಹಾಕಪ್ಪ. ತಟ್ಟೆಗೆ ಊಟ ಹಾಕು."

ಆಗ ಬಾಗಿಲಲ್ಲಿ ಛತ್ರಿ ಹಿಡಿದ ಹುಡುಗಿಯೊಬ್ಬಳು ಇಣುಕಿದಳು. ಅವಳಿಗೂ ಛತ್ರಿಯ ಕೋಲಿಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೆಂಡತಿ ಅವಳ ಸೊಂಟ ನೋಡಿ, "ಜಾಗ ಇಲ್ಲಮ್ಮಾ, ಕಾಯ್ಬೇಕು" ಎಂದಳು. ಹುಡುಗಿ ಓಣಿಯ ನೆರಳಿಗೆ ಹೋಗಿ ನಿಂತಳು.

ಒಲೆಯ ಮುಂದೆ ನಿಂತ ಬಾಣಸಿಗನಿಗೆ ಅಡುಗೆಮನೆಯ ಬಾಗಿಲಿನಿಂದ ಆ ತಗ್ಗಿನ ಕನ್ನಡಿಗಳಷ್ಟೇ ಕಾಣುತ್ತಿದ್ದವು. ಮೂರನೆಯ ತಟ್ಟೆಯಾದ ಮೇಲೆ ಕನ್ನಡಿಯಲ್ಲಿ ಗಡಿಯಾರದವನ ಬೂಟುಗಳು ತುದಿಗಾಲಲ್ಲಿ ಹೊರಟವು. ಹಿಂದೆ ದರ್ಜಿಯ ಚಪ್ಪಲಿ. ಅದರ ಹಿಂದೆ ಅತ್ತೆಯ ಬರಿಗಾಲು. ಅವಳ ಚಪ್ಪಲಿಗಳು ಕೈಬೆರಳಿಗೆ ಸಿಕ್ಕಿಕೊಂಡು ಮೊಣಕಾಲ ಪಕ್ಕ ತೂಗುತ್ತಿದ್ದವು. ಹಿಂಬಾಗಿಲ ಪಕ್ಕದಲ್ಲೇ ನಲ್ಲಿ ಇತ್ತು. ಕೈ ತೊಳೆಯಲು ಹೋದರೆಂದು ಅವನು ತಿಳಿದ. ಮರಳಿ ಬಂದ ಕಾಲುಗಳು ತುಂಬು ಬಸುರಿಯರ ಕಾಲುಗಳಂತೆ ನಿಧಾನವಾಗಿದ್ದವು. ಹಿಂದೆಯೇ ದೊಡ್ಡದೊಂದು ತೇಗು ಕೇಳಿಸಿತು.

"ಕೇಳಿಸ್ತೇನೇ? ತೃಪ್ತಿ!" ಎಂದು ಹೆಂಡತಿಗೆ ಕೂಗಿದ. ಸೌಟು ಹಿಡಿದುಕೊಂಡೇ ಒಂದು ಸುತ್ತು ಕುಣಿದ.

ಆಗ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ ಬಂತು. ಬೆಳಗಿನಿಂದ ಅವನ ಹೊಟ್ಟೆಗೆ ಬಿದ್ದದ್ದು ರುಚಿ ನೋಡಿದ ನಾಲ್ಕು ಹನಿ. ಗಾಡಿಯನ್ನು ಇನ್ನೂ ದೂರ ಓಡಿಸಬೇಕೆಂದು ಸಿಟ್ಟಿನಲ್ಲಿ ಓಣಿಗೆ ನುಗ್ಗಿದ. ನುಗ್ಗಿದವನು ಒಂದು ಬನ್ನು ತಿಂದ. ಇನ್ನೊಂದು ತಿಂದ. ಮೂರನೆಯದಕ್ಕೆ ಕಣ್ಣು ಮುಚ್ಚಿದ.

"ಹೇಗಿದೆ ಸಾರ್?" ಪಕ್ಕದಲ್ಲಿ ಬನ್ನು ತಿನ್ನುತ್ತಿದ್ದ ಛತ್ರಿಯ ಹುಡುಗಿ ಕೇಳಿದಳು.

"ಇದಮ್ಮಾ ಊಟ ಅಂದ್ರೆ! ನಾನು ಸಾಯೋ ತನಕ ಮಾಡಿದ್ರೂ ಹೀಗೆ ಬರಲ್ಲ."

"ಒಂದು ಫೋಟೋ ತಗೊಳ್ಳಾ?"

ಅವನು ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡು, ಬನ್ನು ಎತ್ತಿ ಹಿಡಿದು ಹಲ್ಲು ಕಿರಿದ.

"ಥ್ಯಾಂಕ್ಸ್ ಸಾರ್. ನಾನು ಪೇಪರ್‌ನಲ್ಲಿ ಊಟದ ಬಗ್ಗೆ ಬರೀತೀನಿ."

ಬನ್ನು ಗಂಟಲಲ್ಲೇ ನಿಂತಿತು. "ಬ... ಬನ್ನಿ, ಒಳಗೆ ಬನ್ನಿ! ಜಾಗ ಇದೆ!"

"ಬೇಡ ಸಾರ್. ಕಾಯಿ ಅಂದ್ರು, ಕಾದೆ. ಹೊಟ್ಟೆ ತುಂಬ್ತು."

ಮರುದಿನದ ಪತ್ರಿಕೆಯಲ್ಲಿ ಟೊಪ್ಪಿಗೆಯ ಸಮೇತ ಅವನ ಚಿತ್ರ ಅರ್ಧ ಪುಟಕ್ಕಿತ್ತು. ಹೆಂಡತಿ ಗಟ್ಟಿಯಾಗಿ ಓದಿದಳು: "ಇವರ ಅಡುಗೆ ಹೇಗೋ ತಿಳಿಯದು. ಆದರೆ ಒಳ್ಳೆಯ ಊಟ ಎಲ್ಲಿ ಸಿಗುತ್ತದೆಂದು ಇವರಿಗೆ ಚೆನ್ನಾಗಿ ಗೊತ್ತು."

"ಹೊಗಳಿದಾರಲ್ಲೇ!" ಎಂದ ಬಾಣಸಿಗ.

"ಹೌದು ಕಣ್ರೀ. ಬನ್ನಕ್ಕನ್ನ."

ಸೋಮವಾರ ಬನ್ನಕ್ಕ ಹಳೇ ಚಪ್ಪಲಿ ಅಂಗಡಿಯ ಬೀಗದ ಕೈ ಇಸಿದುಕೊಂಡಳು. ಬಾಣಸಿಗ ಆಸ್ಪತ್ರೆಯಲ್ಲಿ ಉಪ್ಪಿಲ್ಲದ ಕುಂಬಳಕಾಯಿ ಬೇಯಲು ಇಟ್ಟ. ಒಟ್ಟು ಕಳೆದದ್ದು ಒಂದು ಹೋಟೆಲು, ಗಿರಾಕಿಗಳ ಜೇಬು ಸೇರಿದ ನಾಲ್ಕು ಚಮಚ, ಹೊಟ್ಟೆ ಸೇರಿದ ಆರು ಹೂವು.