ಹೊಟ್ಟೆ ಕೆಟ್ಟವರ ಜೊತೆ ಹದಿನೆಂಟು ವರ್ಷ

ಹೊಟ್ಟೆಯ ವಿಷಯ ಮಾತಾಡಲು ಜನ ನಾಚಿಕೊಳ್ಳುತ್ತಾರೆ ಅನ್ನುವುದು ಶುದ್ಧ ಸುಳ್ಳು. ನಾನು ಜಯನಗರದಲ್ಲಿ ಡಯೆಟಿಶಿಯನ್. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ರೂಮು, ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಕರುಳಿನ ದೊಡ್ಡ ಚಿತ್ರ. ಮೊದಲೆರಡು ನಿಮಿಷ ಟ್ರಾಫಿಕ್ಕು, ಸೆಕೆ ಅಂತ ಮಾತಾಡಿದವರು ಮೂರನೇ ನಿಮಿಷಕ್ಕೆ ಎಂಥ ವಿವರಕ್ಕೆ ಇಳಿಯುತ್ತಾರೆಂದರೆ, ನಾನು ನನ್ನ ಊಟದ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಡಬೇಕಾಗುತ್ತದೆ. ಹದಿನೆಂಟು ವರ್ಷದಿಂದ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇದೆ. ನಡೆಯದ ವಾರ ನನಗೇ ಹೊಟ್ಟೆ ಉಬ್ಬರಿಸಿದ ಹಾಗಿರುತ್ತದೆ.

ಹಸಿರು ಜ್ಯೂಸು

ಜೆ.ಪಿ. ನಗರದಿಂದ ನಿವೃತ್ತ ಎಂಜಿನಿಯರೊಬ್ಬರು ಹೆಂಡತಿಯ ಜೊತೆ ಬಂದರು. ಮುಖ ಬಾಡಿ ಹೋಗಿತ್ತು. ಪಾರ್ಕಿನ ವಾಕಿಂಗ್ ಗೆಳೆಯರ ಮಾತು ಕೇಳಿ ನಾಲ್ಕು ದಿನದಿಂದ ಬರೀ ಸೊಪ್ಪಿನ ಜ್ಯೂಸು ಕುಡಿಯುತ್ತಿದ್ದರಂತೆ.

"ಮೈಯೊಳಗಿನ ವಿಷ ಎಲ್ಲಾ ತೊಳ್ಕೊಂಡು ಹೋಗ್ಲಿ ಅಂತ ಮೇಡಂ. ಡಿಟಾಕ್ಸು."

"ನಿನ್ನೆ ಟಿವಿಲಿ ಯಾರೋ ಒಗ್ಗರಣೆ ಹಾಕ್ತಿದ್ರು. ಇವ್ರು ಅದನ್ನ ನೋಡಿ ಕಣ್ಣೀರು ಹಾಕ್ಕೊಂಡ್ರು," ಅಂದರು ಹೆಂಡತಿ.

ನಾನು ಗೋಡೆಯ ಚಿತ್ರ ತೋರಿಸಿದೆ. "ಸಾರ್, ತೊಳೆಯೋ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ. ಲಿವರ್ ಬೇರ್ಪಡಿಸಿದ್ದರಲ್ಲಿ ಒಂದಷ್ಟನ್ನ ಹೊರಗೆ ಸಾಗಿಸೋದು ಕರುಳು. ಅದಕ್ಕೆ ನಾರು ಬೇಕು. ನೀವು ಸೊಪ್ಪು ಹಿಂಡಿ ನಾರನ್ನ ಕಸಕ್ಕೆ ಹಾಕಿ ಬರೀ ನೀರು ಕುಡ್ದಿದ್ದೀರಿ."

ಅವರು ಎಂಜಿನಿಯರ್ ಅಲ್ಲವೇ, ಮೆಷಿನ್ನಿನ ಬಗ್ಗೆ ಕೇಳುವ ಹಾಗೇ ಕೇಳಿದರು: "ದಿನಾ ಕೆಲಸ ಮಾಡುತ್ತಾ ಇದು?"

"ದಿನಾ."

"ಭಾನುವಾರ?"

"ಭಾನುವಾರಾನೂ."

"ಹಬ್ಬದ ದಿನ?"

"ಅವತ್ತು ಓವರ್‌ಟೈಮ್ ಸಾರ್."

ಹೆಂಡತಿ ನಿಟ್ಟುಸಿರು ಬಿಟ್ಟರು. "ಅಷ್ಟೆಲ್ಲಾ ಮಾಡ್ತಿದೆ, ಇವ್ರು ಒಂದಿನ ಅದಕ್ಕೆ ಥ್ಯಾಂಕ್ಸ್ ಹೇಳಿಲ್ಲ. ನನಗೂ ಹೇಳಿಲ್ಲ ಬಿಡಿ."

ಎಂಜಿನಿಯರ್ ಹೊಟ್ಟೆಯನ್ನೊಮ್ಮೆ ಸವರಿಕೊಂಡು, ಹೆಂಡತಿಯ ಕಡೆ ತಿರುಗಿದರು. "ಇಬ್ರಿಗೂ ಥ್ಯಾಂಕ್ಸು. ಮನೆಗೆ ಹೋಗಿ ಚಿತ್ರಾನ್ನ ಮಾಡ್ತೀಯಾ?"

ಏಕಾದಶಿ

ಇನ್ನೊಮ್ಮೆ ಮೊಮ್ಮಗಳೊಬ್ಬಳು ಬಸವನಗುಡಿಯಿಂದ ಅಜ್ಜಿಯನ್ನು ಕರೆತಂದಳು. ಅಜ್ಜಿ ಬಹಳ ಮಡಿ. ಕೆಮ್ಮಿಗೆ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಹೊಟ್ಟೆ ಸರಿ ಇರಲಿಲ್ಲ. ಡಾಕ್ಟರು ನೋಡಿ, ಊಟದ ವಿಷಯ ಕೇಳಿಕೊಂಡು ಬನ್ನಿ ಅಂತ ನನ್ನ ಹತ್ತಿರ ಕಳಿಸಿದ್ದರು.

"ಅಜ್ಜಿ, ಮಾತ್ರೆಗೆ ಕೆಟ್ಟ ಬ್ಯಾಕ್ಟೀರಿಯಾ ಜೊತೆ ಹೊಟ್ಟೇಲಿದ್ದ ಒಳ್ಳೇವೂ ಒಂದಷ್ಟು ಹೋಗಿವೆ."

"ಹುಳಾನಾ? ನನ್ನ ಹೊಟ್ಟೇಲಾ? ನಾನು ಹೊರಗಡೆ ಒಂದು ಲೋಟ ನೀರು ಕುಡಿದವಳಲ್ಲ!"

"ಹುಳ ಅಲ್ಲ ಅಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಚಿಕ್ಕಂದಿನಿಂದ ನಿಮ್ಮ ಜೊತೆಗೇ ಇವೆ. ಕಾಯಿಲೆ ತಡೆಯೋಕೆ ಮೈಗೆ ಸಹಾಯ ಮಾಡ್ತಾವೆ. ನೀವು ತಿಂದಿದ್ರಲ್ಲಿ ಉಳಿದ ನಾರು ಗೀರು ತಿಂದ್ಕೊಂಡು ಇರ್ತಾವೆ."

ಅಜ್ಜಿಯ ಮುಖ ಮೆತ್ತಗಾಯಿತು. "ಅಯ್ಯೋ ಪಾಪ. ಹಾಗಾದ್ರೆ ಏಕಾದಶಿ ದಿನ ಅವಕ್ಕೂ ಉಪವಾಸಾನಾ?"

ನಾನು ನಕ್ಕುಬಿಟ್ಟೆ. ಮುಂದಿನ ತಿಂಗಳು ಅಜ್ಜಿ ಲವಲವಿಕೆಯಿಂದ ಮೆಟ್ಟಿಲು ಹತ್ತಿ ಬಂದರು. ಹಿಂದೆ ಬಂದ ಮೊಮ್ಮಗಳು ದೂರು ಹೇಳಿದಳು: "ಮೇಡಂ, ಈ ಸಲ ಏಕಾದಶಿಗೆ ಬೆಳಿಗ್ಗೆ ಎರಡು ಬಾಳೆಹಣ್ಣು, ಮಧ್ಯಾಹ್ನ ಅವಲಕ್ಕಿ ಮಜ್ಜಿಗೆ, ಸಂಜೆ ಸಜ್ಜಿಗೆ ಬೇರೆ. ನೀವೇ ಕೇಳಿ."

ಅಜ್ಜಿ ಸೆರಗು ಸರಿಮಾಡಿಕೊಂಡರು. "ನನ್ನದು ಪೂರ್ತಿ ಉಪವಾಸಾನೇ. ತಿಂದಿದ್ದು ಅವು. ನಾನು ಬರೀ ದಾರಿ ಬಿಟ್ಟೆ."

ಮೇಡಂ ಬರೆದುಕೊಟ್ಟ ತಿಂಡಿ

ಬಿಟಿಎಂ ಲೇಔಟಿನ ಹುಡುಗಿಯೊಬ್ಬಳು ಹೊಟ್ಟೆಗೆ ಒಳ್ಳೆಯದು ಅಂತ ಬಣ್ಣಬಣ್ಣದ ಬಾಟಲಿಗಳನ್ನೆಲ್ಲ ಕುಡಿದು ಸಾಕಾಗಿ ಬಂದಿದ್ದಳು. ನಾನು ಹೊರದೇಶದ ಹೆಸರಿನ ಯಾವುದೋ ಹೊಸದನ್ನು ಹೇಳುತ್ತೇನೆ ಅಂದುಕೊಂಡು ಪೆನ್ನು ಹಿಡಿದು ಕೂತಿದ್ದಳು. ನಾನು ಹೇಳಿದ್ದು ಮಜ್ಜಿಗೆಯಲ್ಲಿ ನೆನೆಸಿದ ತಂಗಳನ್ನ.

ಮಾರನೇ ದಿನ ಫೋನ್ ಬಂತು. ಮಾತಾಡಿದ್ದು ಹುಡುಗಿ ಅಲ್ಲ, ಅವಳ ಮನೆಗೆ ಸುದ್ದಗುಂಟೆಪಾಳ್ಯದಿಂದ ಅಡುಗೆಗೆ ಬರುವ ಹೆಂಗಸು.

"ಮೇಡಂ, ನಮ್ಮಕ್ಕಂಗೆ ತಂಗಳನ್ನ ಬರ್ಕೊಟ್ಟೋರು ನೀವೇನಾ?"

"ಹೌದಮ್ಮ. ಯಾಕೆ, ಏನಾಯ್ತು?"

"ನಾನು ಹುಟ್ದಾಗಿಂದ ಇದನ್ನೇ ತಿಂತಿರೋದು ಮೇಡಂ. ನೀವು ಈರುಳ್ಳಿ ಬರೆಯೋದು ಮರ್ತುಬಿಟ್ಟಿದ್ದೀರಿ. ನಾನು ಸೇರಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಕೆಂಪು ಇಂಕು

ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವವರೊಬ್ಬರಿಗೆ ಸದಾ ಹೊಟ್ಟೆ ಉಬ್ಬರ. ಎರಡು ವಾರ ತಿಂದದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ ಅಂದೆ. ಬರೆದು ತಂದರು. ಬೆಳಿಗ್ಗೆ ರಾಗಿ ಅಂಬಲಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಸಂಜೆ ಸೌತೆಕಾಯಿ. ರಾತ್ರಿ ಎರಡು ಚಪಾತಿ. ಓದುತ್ತಾ ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಕ್ಕೆ ನನ್ನ ಮಾತು ಕೇಳಿದವರು ಒಬ್ಬರು ಸಿಕ್ಕಿದರಲ್ಲ!

ಹಾಳೆ ತಿರುಗಿಸಿದೆ. ಅಲ್ಲಿಂದ ಮುಂದೆ ಕೆಂಪು ಇಂಕು. "ಸೌತೆಕಾಯಿ" ಹೊಡೆದು ಹಾಕಿ ಪಕ್ಕದಲ್ಲಿ, "ತಪ್ಪು. ಮೂರು ಬೋಂಡ." "ಎರಡು ಚಪಾತಿ"ಯ ಕೆಳಗೆ, "ಐದು. ಎಣಿಕೆ ಅಭ್ಯಾಸ ಮಾಡಿ." ಪುಟದ ಕೊನೆಗೆ ಹತ್ತಕ್ಕೆ ಎರಡು ಅಂಕ, ಸಹಿ, ಜೊತೆಗೆ ಒಂದು ಷರಾ: "ಮುಂದಿನ ಬಾರಿ ಪೋಷಕರನ್ನು ಕರೆತರುವುದು."

ಅವರು ತಲೆ ಬಗ್ಗಿಸಿದರು. "ನಮ್ಮನೆಯವ್ರು ಹೈಸ್ಕೂಲ್ ಟೀಚರು ಮೇಡಂ."

ಮುಂದಿನ ಸಲ ನಿಜಕ್ಕೂ ಅವರ ತಾಯಿ ಜೊತೆಗೆ ಬಂದರು. ಷರಾ ಬರೆದ ಸೊಸೆಯೇ ಕಳಿಸಿದ್ದಳಂತೆ. ಆಕೆ ಕನ್ನಡಕ ಹಾಕಿಕೊಂಡು ಕೆಂಪು ಅಕ್ಷರಗಳನ್ನೆಲ್ಲ ನಿಧಾನವಾಗಿ ಓದಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

"ಇಲ್ಲಿ ಟೀಚರ್ದೂ ತಪ್ಪಾಗಿದೆ. ಬೋಂಡ ಮೂರಲ್ಲ, ನಾಲ್ಕು. ಒಂದು ನಾನು ಅಡುಗೆಮನೇಲಿ ಕೊಟ್ಟಿದ್ದೆ."

ಕ್ಲಿಯರಾಗಿ

ಎಲ್ಲ ಬೇರೆಯವರದ್ದೇ ಹೇಳಿದರೆ ನ್ಯಾಯವಲ್ಲ. ವಸಂತಪುರದ ಹಿರಿಯ ನಾಗರಿಕರ ಸಂಘದವರು "ಕರುಳು ಮತ್ತು ರೋಗನಿರೋಧಕ ಶಕ್ತಿ" ಅಂತ ಭಾಷಣಕ್ಕೆ ಕರೆದರು. ನನ್ನ ಜೀವನದ ಮೊದಲ ದೊಡ್ಡ ಸಭೆ. ಒಂದು ವಾರ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದ್ದೆ. ಅವತ್ತು ಬೆಳಿಗ್ಗೆ ಸೀರೆಯ ನೆರಿಗೆ ಕೂರದೆ ಹೊತ್ತಾಯಿತು. ಕನಕಪುರ ರಸ್ತೆಯಲ್ಲಿ ಆಟೋ ಮುಕ್ಕಾಲು ಗಂಟೆ ನಿಂತೇ ಇತ್ತು. ಹೊತ್ತಿಗೆ ಸರಿಯಾಗಿ ತಿನ್ನಿ ಅಂತ ಊರಿಗೆಲ್ಲ ಹೇಳುವ ನಾನು ಅವತ್ತು ಬರೀ ಕಾಫಿ ಕುಡಿದು ಹೊರಟಿದ್ದೆ.

ಹೋದ ಕೂಡಲೇ ಸಂಘದ ಕಾರ್ಯದರ್ಶಿಗಳು ನನ್ನ ಸೆರಗಿಗೆ ಒಂದು ಪುಟಾಣಿ ಮೈಕ್ ಸಿಕ್ಕಿಸಿದರು. ಸಭೆ ತುಂಬಿತ್ತು. ನಾನು ಶುರು ಮಾಡಿದೆ. ಎಷ್ಟು ಒಳ್ಳೆಯ ಶ್ರೋತೃಗಳು ಅಂತೀರಿ! ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ತಲೆದೂಗುತ್ತಿದ್ದಾರೆ, ನಾನು ನಕ್ಕರೆ ನಗುತ್ತಿದ್ದಾರೆ. ಮೈಕ್ ಸೆರಗಿನ ಜೊತೆ ಜಾರಿ ಜಾರಿ ಸೊಂಟಕ್ಕೆ ಬಂದು ಕೂತಿದ್ದು ನನಗೆ ಗೊತ್ತೇ ಆಗಲಿಲ್ಲ. ಇಪ್ಪತ್ತು ನಿಮಿಷವಾಯಿತು. ಹುರುಪು ಬಂದು ಕೈ ಎತ್ತಿ ಹೇಳಿದೆ:

"ಕರುಳು ನಮ್ಮ ಜೊತೆ ಸದಾ ಮಾತಾಡುತ್ತೆ. ನಾವು ಒಂದು ಕ್ಷಣ ಸುಮ್ಮನಿದ್ದು ಕೇಳಿಸ್ಕೋಬೇಕು ಅಷ್ಟೇ."

ಹೇಳಿ, ಕನ್ನಡಿ ಮುಂದೆ ಕಲಿತಿದ್ದ ಹಾಗೆ ಒಂದು ಕ್ಷಣ ಸುಮ್ಮನಾದೆ.

ಗುರ್ರ್ರ್ರ್... ಗುಳ್ ಗುಳ್... ಗುರ್ರ್ರ್!

ಹಾಲಿನ ಎರಡೂ ಸ್ಪೀಕರಿನಿಂದ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಸಾಲಿನ ಅಮ್ಮನೊಬ್ಬರು ಕಳಕಳಿಯಿಂದ ಕೇಳಿದರು: "ತಿಂಡಿ ತಿಂದಿಲ್ವೇನಮ್ಮಾ?"

ಇಡೀ ಸಭೆ ಗೊಳ್ಳೆಂದಿತು. ನಾನೂ ನಕ್ಕೆ, ನಗದೆ ಇನ್ನೇನು ಮಾಡಲಿ? ನಗು ಇಳಿಯುವ ಹೊತ್ತಿಗೆ ಕೊನೆಯ ಸಾಲಿನಲ್ಲಿ ಒಬ್ಬ ಹಿರಿಯರು ಕೋಲೂರಿ ಎದ್ದು ನಿಂತರು. ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡು ಹೇಳಿದರು:

"ಮೇಡಂ, ಮೈಕ್ ಈಗ ಸರಿ ಹೋಯ್ತು. ಇಷ್ಟು ಹೊತ್ತು ನೀವು ಹೇಳಿದ್ದು ಒಂದಕ್ಷರಾನೂ ಕೇಳಿಸಿರ್ಲಿಲ್ಲ. ಇದೊಂದು ಮಾತ್ರ ಕ್ಲಿಯರಾಗಿ ಕೇಳಿಸ್ತು."